ಬೂದುಬಣ್ಣದ ಬಾಣ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತರಾದ ಕನ್ನಡ ಪಂಡಿತರೊಬ್ಬರು ವಾಸವಾಗಿದ್ದಾರೆ. ಎಪ್ಪತ್ತೆಂಟು ವರ್ಷಗಳನ್ನು ದಾಟಿದ ಈ ಹಿರಿಯರು, ಮಗನು ಕೊಡಿಸಿದ ಕಂಪ್ಯೂಟರಿನ ಮುಂದೆ ದಿನವೂ ಬೆಳಗಿನ ಕಾಫಿಯಾದ ಮೇಲೆ ಎರಡು ಗಂಟೆಗಳ ಕಾಲ ಕುಳಿತು, ಪ್ರಾಚೀನ ಶಾಸನಗಳ ವಿಷಯವಾಗಿ ಎಲ್ಲೆಲ್ಲಿ ಏನೇನು ಬರೆದಿದೆಯೋ ಅದನ್ನೆಲ್ಲ ಹುಡುಕಿ ಓದುವುದನ್ನು ತಮ್ಮ ನಿತ್ಯಕರ್ಮವನ್ನಾಗಿ ಮಾಡಿಕೊಂಡಿದ್ದಾರೆ. ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವರಿಂದ ನನಗೆ ಕರೆ ಬಂದಿತು. ಹೋಗಿ ನೋಡಿದರೆ ಪರದೆಯ ತುಂಬ ಒಂದು ಶಿಲೆಯ ಚಿತ್ರ; ಅದರ ಮುಂದೆ ಮೌಸನ್ನು ಹಿಡಿದು ಚಿಂತಾಕ್ರಾಂತರಾಗಿ ಕುಳಿತಿದ್ದಾರೆ ಮೇಷ್ಟ್ರು.

“ನೋಡಪ್ಪ, ಹಲ್ಮಿಡಿ ಶಾಸನದ ಮೇಲೆ ಬಹಳ ಚೆನ್ನಾಗಿರೋ ಒಂದು ಲೇಖನ ಓದ್ತಾ ಇದ್ದೆ. ನಡುವೆ ‘ಶಿಲೆಯ ಚಿತ್ರ’ ಅಂತ ನೀಲಿ ಅಕ್ಷರದಲ್ಲಿತ್ತು, ಒತ್ತಿದೆ. ಚಿತ್ರವೇನೋ ಬಂತು, ಲೇಖನ ಎಲ್ಲಿ ಹೋಯಿತೋ ತಿಳಿಯದು. ಹಿಂದಕ್ಕೆ ಕರೆದುಕೊಂಡು ಹೋಗೋ ಬಾಣ ಇದೆಯಲ್ಲ, ಅದು ಬೂದುಬಣ್ಣಕ್ಕೆ ತಿರುಗಿ ಕೂತುಬಿಟ್ಟಿದೆ. ಎಷ್ಟು ಒತ್ತಿದರೂ ಅಲ್ಲಾಡೋದಿಲ್ಲ.”

ಲೇಖನವು ಎಲ್ಲಿಗೂ ಹೋಗಿರಲಿಲ್ಲ. ಚಿತ್ರವು ಹೊಸದೊಂದು ಟ್ಯಾಬಿನಲ್ಲಿ ತೆರೆದುಕೊಂಡು, ಲೇಖನದ ಪುಟವನ್ನು ಸಂಪೂರ್ಣವಾಗಿ ಮುಚ್ಚಿ ಅದರ ಮುಂದೆ ಬಂದು ನಿಂತಿತ್ತು. ಪರದೆಯ ನೆತ್ತಿಯಲ್ಲಿ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ, ಒಂದರ ಪಕ್ಕದಲ್ಲಿ ಒಂದಾಗಿ ಎರಡು ಪಟ್ಟಿಗಳು ಕಾಣುತ್ತಿದ್ದುವು. ಎಡಗಡೆಯದನ್ನು ಒತ್ತಿದೊಡನೆ ಮೇಷ್ಟ್ರ ಲೇಖನವು ಅವರು ಬಿಟ್ಟ ಸಾಲಿನಲ್ಲಿಯೇ ಕಾಣಿಸಿತು. ಹಿಂದೆಯೂ ಎಷ್ಟೋ ಸಲ ಹೀಗಾಗಿ, ಬೇರೆ ದಾರಿ ಕಾಣದೆ, ಮೇಲಿನ ಮೂಲೆಯ ಗುಣಾಕಾರದ ಗುರುತನ್ನು ಒತ್ತಿ ಎಲ್ಲವನ್ನೂ ಮುಚ್ಚಿ, ಮತ್ತೆ ಮೊದಲಿನಿಂದ ಹುಡುಕಿಕೊಂಡು ಬಂದಿದ್ದರಂತೆ. “ನನಗೇ ತಿಳಿಯದು, ಎಲ್ಲೋ ತಪ್ಪು ಒತ್ತಿರಬೇಕು” ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದುಹೋಯಿತು. ಏಕೆಂದರೆ ಅವರು ತಪ್ಪನ್ನೇನೂ ಮಾಡಿರಲಿಲ್ಲ. ಕೊಂಡಿಯನ್ನು ಒತ್ತಿದರೆ ಮುಂದಕ್ಕೆ ಹೋಗಬಹುದು, ಬಾಣವನ್ನು ಒತ್ತಿದರೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಬರಬಹುದು ಎಂಬ ಒಂದು ನಿಯಮವನ್ನು ಅವರು ಕಲಿತಿದ್ದರು. ನೂರು ಸಲ ಅವರ ಕೈಹಿಡಿದು ನಡೆಸಿದ ಆ ನಿಯಮವನ್ನು ನೂರ ಒಂದನೆಯ ಸಲ, ಒಂದು ಮಾತನ್ನೂ ಹೇಳದೆ, ಮುರಿದದ್ದು ಆ ಜಾಲತಾಣ.

ಜಾಲತಾಣದ ಕೊಂಡಿಯೊಂದನ್ನು ಒತ್ತಿದಾಗ ಗಮ್ಯವಾದ ಪುಟವು ಇರುವ ಕಿಟಕಿಯಲ್ಲಿಯೇ ತೆರೆಯಬೇಕೆ, ಅಥವಾ ಅದಕ್ಕಾಗಿ ಹೊಸ ಕಿಟಕಿಯೊಂದು, ಈಗಿನ ರೂಢಿಯಲ್ಲಿ ಹೊಸ ಟ್ಯಾಬೊಂದು, ಹುಟ್ಟಿಕೊಳ್ಳಬೇಕೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕುಶಲಕರ್ಮಿಗಳು ತಮ್ಮತಮ್ಮಲ್ಲಿ ಮಾತನಾಡಿಕೊಂಡು ಮುಗಿಸಬಹುದಾದ ಅತ್ಯಲ್ಪ ವಿಷಯವಾಗಿ ತೋರುತ್ತದೆ. ಆದರೆ ಕಾಲು ಶತಮಾನಕ್ಕಿಂತಲೂ ಹೆಚ್ಚು ಕಾಲ ಈ ವಾದವು ಮುಗಿಯದೆ ಉಳಿದಿರುವುದಕ್ಕೆ ಕಾರಣವುಂಟು. ಓದುಗನು ನಡೆಯುವ ದಾರಿಯ ಮೇಲೆ ಅಧಿಕಾರವು ಓದುಗನದೋ, ದಾರಿಯಲ್ಲಿ ಅಂಗಡಿಯಿಟ್ಟವನದೋ ಎಂಬುದು ಅದರ ಒಳಗಿರುವ ಪ್ರಶ್ನೆ.

ಕೊಂಡಿಯ ಕಲ್ಪನೆಯು ಜಾಲಕ್ಕಿಂತ ಹಳೆಯದು. 1945ರ ಜುಲೈ ತಿಂಗಳ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ವನೆವಾರ್ ಬುಷ್ ಎಂಬ ಅಮೆರಿಕದ ವಿಜ್ಞಾನಿಯು, ಓದುಗನು ಒಂದು ಗ್ರಂಥದಿಂದ ಇನ್ನೊಂದಕ್ಕೆ ತಾನೇ ಜಾಡು ಹಾಕಿಕೊಂಡು ಹೋಗಬಲ್ಲ, ಆ ಜಾಡನ್ನು ಮುಂದೆ ತನಗಾಗಿಯೂ ಪರರಿಗಾಗಿಯೂ ಕಾಯ್ದಿಡಬಲ್ಲ ಒಂದು ಮೇಜನ್ನು ಊಹಿಸಿ ಬರೆದನು. ಆ ಮೇಜನ್ನು ಯಾರೂ ಕಟ್ಟಲಿಲ್ಲ. ಇಪ್ಪತ್ತು ವರ್ಷಗಳ ಅನಂತರ, 1965ರಲ್ಲಿ, ಟೆಡ್ ನೆಲ್ಸನ್ ಎಂಬಾತನು ಇಂತಹ ಬರವಣಿಗೆಗೆ ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರನ್ನು ಕೊಟ್ಟನು. 1989ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಕೆಲಸಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಅವರು ತಮ್ಮ ಮೇಲಧಿಕಾರಿಗಳಿಗೆ ಸಲ್ಲಿಸಿದ ಯೋಜನಾಪತ್ರದಿಂದ ಇಂದಿನ ಜಾಲವು ಹುಟ್ಟಿತು. ಬುಷ್ ಮಹಾಶಯನ ಮೂಲಕಲ್ಪನೆಯಲ್ಲಿ ಜಾಡನ್ನು ಹಾಕುವವನು ಓದುಗನೇ ಆಗಿದ್ದನು ಎಂಬುದನ್ನು ನಾವು ಇಲ್ಲಿ ನೆನಪಿಡತಕ್ಕದ್ದು.

ನಮ್ಮ ಓದಿನ ಸಂಪ್ರದಾಯದಲ್ಲಿಯೂ ಈ ಹೋಗಿ ಬರುವ ವ್ಯವಹಾರವು ಹೊಸದಲ್ಲ. ಕಾವ್ಯವನ್ನು ಓದುತ್ತಿರುವವನು ಕಠಿನ ಪದವೊಂದು ಎದುರಾದಾಗ, ಎಡಗೈಯ ತೋರುಬೆರಳನ್ನು ಆ ಪುಟದಲ್ಲಿಯೇ ಇಟ್ಟುಕೊಂಡು, ಬಲಗೈಯಿಂದ ಪುಸ್ತಕದ ಕೊನೆಯಲ್ಲಿರುವ ಶಬ್ದಕೋಶವನ್ನು ತಿರುವಿ, ಅರ್ಥವನ್ನು ಕಂಡುಕೊಂಡು, ಮರುಕ್ಷಣವೇ ಬೆರಳಿದ್ದ ಎಡೆಗೆ ಮರಳುತ್ತಾನೆ. ಮಕ್ಕಳಾಗಿದ್ದಾಗ ನಾವು ಪುಸ್ತಕದ ನಡುವೆ ಇಡುತ್ತಿದ್ದ ನವಿಲುಗರಿಯು ಮಾಡುತ್ತಿದ್ದ ಕೆಲಸವೂ ಇದೇ. ಬ್ರೌಸರಿನಲ್ಲಿರುವ ಹಿಂದಣ ಬಾಣವು ಓದುಗನ ಆ ಬೆರಳು. ಪುಟಗಳನ್ನು ಬರೆದವರು ಯಾರೇ ಆಗಿರಲಿ, ತಾಣಗಳು ಯಾರವೇ ಆಗಿರಲಿ, ಆ ಬಾಣವು ಎಲ್ಲೆಡೆಯೂ ಒಂದೇ ಸ್ಥಾನದಲ್ಲಿ ಒಂದೇ ಕೆಲಸವನ್ನು ಮಾಡುತ್ತದೆ. ಅಪರಿಚಿತವಾದ ಊರಿನಲ್ಲಿಯೂ ಓದುಗನು ಧೈರ್ಯದಿಂದ ಓಡಾಡುವುದು ಅದರ ಬಲದಿಂದ. ಹೊಸ ಟ್ಯಾಬಿಗೆ ಹಿಂದಿನ ಚರಿತ್ರೆಯೆಂಬುದಿಲ್ಲ, ಅದು ಈ ಕ್ಷಣದಲ್ಲಿ ಹುಟ್ಟಿದ್ದು. ಆದುದರಿಂದ ಅಲ್ಲಿ ಬಾಣವು ನಿಶ್ಚೇಷ್ಟಿತವಾಗುತ್ತದೆ. ಓದುಗನಿಗೆ ಅರಿವಾಗದಂತೆ ಅವನ ಬೆರಳನ್ನು ಪುಟದಿಂದ ಮೆಲ್ಲಗೆ ಎಳೆದುಹಾಕಿದಂತಾಯಿತು.

ಇಂತಹ ವ್ಯವಸ್ಥೆಯು ಜಾಲದೊಳಕ್ಕೆ ಬಂದುದು ಬೇರೊಂದು ಉದ್ದೇಶದಿಂದ. 1996ರಲ್ಲಿ ಹೊರಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ ಎಂಬ ಬ್ರೌಸರಿನ ಎರಡನೆಯ ಆವೃತ್ತಿಯು, ಒಂದೇ ಕಿಟಕಿಯನ್ನು ಚೌಕಟ್ಟುಗಳಾಗಿ, ಎಂದರೆ ಫ್ರೇಮುಗಳಾಗಿ, ವಿಂಗಡಿಸುವ ಅನುಕೂಲವನ್ನು ಪುಟಕರ್ತರಿಗೆ ಒದಗಿಸಿತು. ಎಡಗಡೆಯ ಚೌಕಟ್ಟಿನಲ್ಲಿ ವಿಷಯಸೂಚಿ, ಬಲಗಡೆಯದರಲ್ಲಿ ವಿಷಯ. ಸೂಚಿಯಲ್ಲಿ ಒತ್ತಿದುದು ಸೂಚಿಯನ್ನು ಅಳಿಸದೆ ಬಲಗಡೆಯಲ್ಲಿ ಕಾಣಿಸಬೇಕಾದರೆ, ಕೊಂಡಿಯು ‘ನನ್ನ ಗುರಿ ಇಂತಹ ಚೌಕಟ್ಟು’ ಎಂದು ಹೇಳಬೇಕಾಯಿತು. ಅದಕ್ಕಾಗಿ ‘ಟಾರ್ಗೆಟ್’ ಎಂಬ ಗುಣವನ್ನು ಕೊಂಡಿಗೆ ಸೇರಿಸಿದರು. ಆ ಗುಣಕ್ಕೆ ಕೊಡಬಹುದಾದ ಬೆಲೆಗಳಲ್ಲಿ, ಅಡಿಗೆರೆಯೊಂದನ್ನು ಮುಂದಿಟ್ಟುಕೊಂಡ ‘ಬ್ಲ್ಯಾಂಕ್’ ಎಂಬ ಪದವೂ ಒಂದು. ಅದರ ಅರ್ಥ, ಇರುವ ಯಾವ ಚೌಕಟ್ಟೂ ಬೇಡ, ಬರಿದಾದ ಹೊಸ ಕಿಟಕಿಯೊಂದು ತೆರೆಯಲಿ ಎಂದು. ಚೌಕಟ್ಟುಗಳ ಪದ್ಧತಿಯು ಕೆಲವು ವರ್ಷಗಳಲ್ಲಿ ಬಳಕೆ ತಪ್ಪಿತು. ‘ಬ್ಲ್ಯಾಂಕ್’ ಮಾತ್ರ, ಬಾಡಿಗೆಯ ಮನೆಯವರು ಹೋದ ಮೇಲೂ ಗೋಡೆಯಲ್ಲಿ ಉಳಿದ ಮೊಳೆಯಂತೆ, ಉಳಿದುಕೊಂಡಿತು. 1997ರ ಡಿಸೆಂಬರಿನಲ್ಲಿ ಪ್ರಕಟವಾದ, ಜಾಲದ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ನಾಲ್ಕನೆಯ ನಿಯಮಾವಳಿಯು ತನ್ನ ಕಟ್ಟುನಿಟ್ಟಾದ ಪಾಠದಿಂದ ಈ ಗುಣವನ್ನು ಬಿಟ್ಟಿತು; 2014ರ ಐದನೆಯ ನಿಯಮಾವಳಿಯು ಪುನಃ ಒಪ್ಪಿಕೊಂಡಿತು. ನಿಯಮವನ್ನು ಬರೆದವರ ಮನಸ್ಸಿನಲ್ಲಿಯೇ ಈ ವಿಷಯವು ಇತ್ತಿಂದತ್ತ ಅತ್ತಿಂದಿತ್ತ ತೂಗಾಡಿತೆಂಬುದಕ್ಕೆ ಇಷ್ಟು ಸಾಕು.

ತಾಣವನ್ನು ನಡೆಸುವವರನ್ನು ವಿಚಾರಿಸಿದರೆ ಅವರು ಕೊಡುವ ಕಾರಣವು ಬಹುಮಟ್ಟಿಗೆ ಒಂದೇ: ‘ಹೊರಗಿನ ಕೊಂಡಿಯನ್ನು ಒತ್ತಿ ಓದುಗನು ಹೊರಟೇ ಹೋದರೆ ಮತ್ತೆ ಬರುತ್ತಾನೆಯೆ? ನಮ್ಮ ಪುಟ ಹಿಂದುಗಡೆ ತೆರೆದೇ ಇರಲಿ. ಆ ಟ್ಯಾಬನ್ನು ಮುಚ್ಚಿದಾಗ ನಾವು ಕಾಣುತ್ತೇವೆ.’ ಈ ಆಶಂಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಬಹು ಪ್ರಯಾಸದಿಂದ ಬರೆದು, ತಿದ್ದಿ, ಪ್ರಕಟಿಸಿದವನಿಗೆ ಓದುಗನು ಅರ್ಧಕ್ಕೆ ಎದ್ದು ಹೋಗುವುದು ದುಃಖದ ವಿಷಯವೇ ಸರಿ. ಆದರೂ ಮನೆಗೆ ಬಂದ ಅತಿಥಿಯು ಹೊರಡಲೆಂದು ಎದ್ದಾಗ ನಾವು ಹೊಸ್ತಿಲವರೆಗೆ ಬಂದು ‘ಮತ್ತೆ ಬನ್ನಿ’ ಎಂದು ಹೇಳುವುದುಂಟೇ ಹೊರತು, ಅವರ ಉತ್ತರೀಯದ ಸೆರಗನ್ನು ಬಾಗಿಲಿಗೆ ಕಟ್ಟಿಹಾಕುವುದಿಲ್ಲ. ಓದುಗನು ಮರಳಿ ಬರುವುದು ಪುಟವು ತೆರೆದಿದೆಯೆಂಬುದಕ್ಕಾಗಿ ಅಲ್ಲ, ಅದರಲ್ಲಿ ಓದತಕ್ಕದ್ದು ಇನ್ನೂ ಇದೆಯೆಂಬುದಕ್ಕಾಗಿ. ಅವನು ಬರಬೇಕೆಂದು ನಿಜವಾಗಿ ಬಯಸುವವನು, ಬರುವುದಕ್ಕೆ ಅವನು ಬಲ್ಲ ಏಕೈಕ ದಾರಿಯಾದ ಆ ಬಾಣವನ್ನು ಕೆಡಿಸದಿರುವುದು ಮೇಲು. ಮೇಷ್ಟ್ರ ಸಂಗತಿಯಲ್ಲಿ ಆದದ್ದೇನು? ಅವರನ್ನು ಉಳಿಸಿಕೊಳ್ಳಲೆಂದು ತೆರೆದ ಹೊಸ ಟ್ಯಾಬಿನ ದೆಸೆಯಿಂದಲೇ ಅವರು ಇಡೀ ಬ್ರೌಸರನ್ನು ಮುಚ್ಚುವಂತಾಯಿತು.

ಹೊಸ ಕಿಟಕಿಯ ದುರುಪಯೋಗವು ಅತಿರೇಕಕ್ಕೆ ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಜಾಹೀರಾತುಗಳ ಮೂಲಕ. ಟ್ರೈಪಾಡ್ ಎಂಬ ತಾಣದಲ್ಲಿ ಕೆಲಸಮಾಡುತ್ತಿದ್ದ ಈಥನ್ ಜುಕರ್‌ಮನ್ ಎಂಬವರು, ಕಾರು ತಯಾರಿಸುವ ಕಂಪನಿಯೊಂದರ ಜಾಹೀರಾತು ಅಸಭ್ಯವಾದ ಪುಟವೊಂದರಲ್ಲಿ ಕಾಣಿಸಿಕೊಂಡು ಆ ಕಂಪನಿಗೆ ಮುಜುಗರವಾದಾಗ, ಪುಟಕ್ಕೂ ಜಾಹೀರಾತಿಗೂ ಸಂಬಂಧವಿಲ್ಲವೆಂದು ತೋರಿಸಲು ಜಾಹೀರಾತನ್ನು ಪ್ರತ್ಯೇಕವಾದ ಕಿಟಕಿಯಲ್ಲಿ ತೆರೆಯುವ ಸಂಕೇತವನ್ನು ಬರೆದರು. ಅದೇ ಪಾಪ್-ಅಪ್. ಅನಂತರ ಅದು ಜಗತ್ತಿನ ಪರದೆಗಳನ್ನೆಲ್ಲ ಹೇಗೆ ಆಕ್ರಮಿಸಿತೆಂಬುದು ಆ ಕಾಲದಲ್ಲಿ ಸೈಬರ್ ಸೆಂಟರಿನಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕುಳಿತವರೆಲ್ಲರಿಗೂ ತಿಳಿದಿದೆ. ಕೊಟ್ಟ ಕಾಲದಲ್ಲಿ ಒಂದು ಪಾಲು ಕಿಟಕಿಗಳನ್ನು ಮುಚ್ಚುವುದಕ್ಕೇ ಹೋಗುತ್ತಿದ್ದಿತು. 2014ರಲ್ಲಿ ಜುಕರ್‌ಮನ್ನರು, ಬುಷ್‌ನ ಲೇಖನವು ಬಂದಿದ್ದ ಅದೇ ಅಟ್ಲಾಂಟಿಕ್ ಪತ್ರಿಕೆಯಲ್ಲಿ, ಇದಕ್ಕಾಗಿ ಬಹಿರಂಗವಾಗಿ ಕ್ಷಮೆಯನ್ನು ಬೇಡಿದರು. ಅವರ ಉದ್ದೇಶವು ಕೆಟ್ಟದ್ದಾಗಿರಲಿಲ್ಲ. ಒಬ್ಬರಿಗೆ ಮುಜುಗರ ತಪ್ಪಿಸಲೆಂದು ಕಲ್ಪಿಸಿದ ಉಪಾಯವು ಕೋಟ್ಯಂತರ ಜನರ ಕೈಯಿಂದ ಅವರವರ ಪರದೆಯ ಹತೋಟಿಯನ್ನು ಕಿತ್ತುಕೊಂಡಿತು.

ಬಳಕೆದಾರರ ಸೌಕರ್ಯವನ್ನು ಅಭ್ಯಾಸದ ವಿಷಯವನ್ನಾಗಿ ಮಾಡಿಕೊಂಡ ಡೆನ್ಮಾರ್ಕ್ ಮೂಲದ ವಿದ್ವಾಂಸರಾದ ಯಾಕೊಬ್ ನೀಲ್ಸನ್ನರು 1999ರಲ್ಲಿಯೇ, ಹೊಸ ಕಿಟಕಿಗಳನ್ನು ತೆರೆಯುವುದನ್ನು ಜಾಲದ ವಿನ್ಯಾಸದ ಹತ್ತು ದೊಡ್ಡ ತಪ್ಪುಗಳಲ್ಲಿ ಒಂದೆಂದು ಎಣಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಕಟವಾದ, ಅಂಗವಿಕಲರಿಗೂ ಜಾಲವು ಎಟಕುವಂತಿರಬೇಕೆಂಬ ಮೊದಲನೆಯ ಸುಗಮ್ಯತಾ ಮಾರ್ಗಸೂಚಿಯು ಬಳಕೆದಾರನಿಗೆ ತಿಳಿಸದೆ ಕಿಟಕಿಯನ್ನು ಬದಲಾಯಿಸಕೂಡದೆಂದಿತು. ಆಮೇಲೆ ಟ್ಯಾಬುಗಳು ಬಂದುವು. 2004ರ ಫೈರ್‌ಫಾಕ್ಸ್, 2006ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಏಳನೆಯ ಆವೃತ್ತಿ, ಇವುಗಳ ಮೂಲಕ ಟ್ಯಾಬು ಸರ್ವಸಾಮಾನ್ಯವಾಗಿ, ‘ಈಗ ಹೊಸ ಕಿಟಕಿಯ ಉಪದ್ರವವೆಲ್ಲಿದೆ, ಅಚ್ಚುಕಟ್ಟಾಗಿ ಒಂದು ಪಟ್ಟಿ ಪಕ್ಕದಲ್ಲಿ ಸೇರುತ್ತದೆ, ಅಷ್ಟೆ’ ಎಂಬ ಮಾತು ಹುಟ್ಟಿತು. ಪಳಗಿದ ಕೈಗಳಿಗೆ ಈ ಮಾತು ನಿಜ. ಪಳಗದವರಿಗೆ ಟ್ಯಾಬು ಕಿಟಕಿಗಿಂತಲೂ ಹೆಚ್ಚು ಮೋಸಗೊಳಿಸತಕ್ಕದ್ದು. ಕಿಟಕಿಯಾದರೆ ಹಿಂದಿನದರ ಅಂಚಾದರೂ ಒಮ್ಮೊಮ್ಮೆ ಇಣುಕುತ್ತಿದ್ದಿತು, ಟ್ಯಾಬು ಸಂಪೂರ್ಣವಾಗಿ ಮುಚ್ಚುತ್ತದೆ.

ಮೊಬೈಲ್ ಫೋನಿನಲ್ಲಂತೂ ಆ ಪಟ್ಟಿಯೂ ಕಾಣುವುದಿಲ್ಲ. ಮೇಷ್ಟ್ರ ಮನೆಯಲ್ಲಿ ಅಮ್ಮನವರು ಆ ದಿನವೇ ತಮ್ಮ ಫೋನನ್ನೂ ತಂದು ನನ್ನ ಮುಂದೆ ಹಿಡಿದರು. “ಇದೇನೋ ನಿಧಾನವಾಗಿಬಿಟ್ಟಿದೆ ಕಣಪ್ಪ, ಸ್ವಲ್ಪ ನೋಡು.” ಕ್ರೋಮ್ ಬ್ರೌಸರಿನ ಮೇಲ್ಭಾಗದಲ್ಲಿ, ತೆರೆದಿರುವ ಟ್ಯಾಬುಗಳ ಸಂಖ್ಯೆಯನ್ನು ತೋರಿಸುವ ಪುಟ್ಟ ಚೌಕವೊಂದುಂಟು. ಅಮ್ಮನವರ ಫೋನಿನಲ್ಲಿ ಅದರೊಳಗೆ ಸಂಖ್ಯೆಯಿರಲಿಲ್ಲ. ಎರಡು ಚುಕ್ಕೆ, ಪಕ್ಕದಲ್ಲಿ ರೋಮನ್ ಲಿಪಿಯ ‘ಡಿ’ ಅಕ್ಷರ, ತಲೆಯನ್ನು ವಾಲಿಸಿ ನೋಡಿದರೆ ನಗುವ ಮುಖ. ತೊಂಬತ್ತೊಂಬತ್ತನ್ನು ದಾಟಿದ ಮೇಲೆ ಎಣಿಕೆಯನ್ನು ಬಿಟ್ಟು ಕ್ರೋಮ್ ತೋರಿಸುವ ಗುರುತು ಅದು. ಚೌಕವನ್ನು ಒತ್ತಿದೆ. ಗೊಜ್ಜಿನ ಪಾಕವಿಧಾನ, ಅದರ ಹಿಂದೆ ಮಂಡಿನೋವಿನ ಔಷಧ, ಅದರ ಹಿಂದೆ ಯಾವುದೋ ದೇವಸ್ಥಾನದ ರಥೋತ್ಸವ, ಮತ್ತೆ ಅದೇ ಗೊಜ್ಜು, ಮತ್ತೆ ಅದೇ ಗೊಜ್ಜು. ಅಮ್ಮನವರು ಓದಿ ಮುಗಿಸಿದ್ದ, ಅಥವಾ ಕಳೆದುಕೊಂಡು ಮತ್ತೆ ಹುಡುಕಿದ್ದ ಪುಟಗಳೆಲ್ಲವೂ, ಯಾರೂ ಮುಚ್ಚದ ಕಾರಣ, ಒಂದರ ಬೆನ್ನಿಗೊಂದು ನಿಂತಿದ್ದುವು. ಇಷ್ಟೊಂದು ಬಾಗಿಲುಗಳು ತಮ್ಮ ಕೈಯಿಂದ ತೆರೆದುಕೊಂಡಿವೆಯೆಂಬುದೇ ಅವರಿಗೆ ತಿಳಿದಿರಲಿಲ್ಲ. ಇವುಗಳಲ್ಲಿ ಕೆಲವು ವಾಟ್ಸಾಪಿನಿಂದ ಬಂದ ಕೊಂಡಿಗಳು. ಆ ದೋಷವನ್ನು ತಾಣಗಳ ಮೇಲೆ ಹೊರಿಸಲಾಗದು. ಉಳಿದವು ತಾಣಗಳು ತಾವಾಗಿ ತೆರೆದವು.

ಕಣ್ಣಿಲ್ಲದವರ ಅನುಭವವನ್ನು ಹೇಳದೆ ಈ ವಿಚಾರವು ಪೂರ್ತಿಯಾಗಲಾರದು. ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿರುವ ನನ್ನ ಮಿತ್ರರೊಬ್ಬರಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಆಸ್ಟ್ರೇಲಿಯದಲ್ಲಿ ಆರಂಭವಾಗಿ ಈಗ ಜಗತ್ತಿನಾದ್ಯಂತ ಉಚಿತವಾಗಿ ದೊರೆಯುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನ ಸಹಾಯದಿಂದ ಅವರು ಕಂಪ್ಯೂಟರನ್ನು ಕಿವಿಯಿಂದ ಓದುತ್ತಾರೆ. ಕನ್ನಡವನ್ನೂ ಅದು ಓದಿ ಹೇಳಬಲ್ಲದು. ಒಮ್ಮೆ ಅವರು ತಮ್ಮ ಇಯರ್‌ಫೋನನ್ನು ನನ್ನ ಕಿವಿಗೆ ಕೊಟ್ಟು, ಕೀಲಿಮಣೆಯ ಎಂಟರ್ ಕೀಲಿಯನ್ನು ಒತ್ತಿದರು. ಹೊಸ ಪುಟದ ಶೀರ್ಷಿಕೆಯು ಕೇಳಿಸಿತು. ಇನ್ನೊಂದು ಕೊಂಡಿಯನ್ನು ಒತ್ತಿದರು. ಪುನಃ ಹೊಸ ಪುಟದ ಶೀರ್ಷಿಕೆ. “ಇವೆರಡರಲ್ಲಿ ಯಾವುದು ಹೊಸ ಟ್ಯಾಬಿನಲ್ಲಿ ತೆರೆಯಿತು, ಹೇಳಿ ನೋಡೋಣ” ಎಂದರು. ನನಗೆ ಹೇಳಲಾಗಲಿಲ್ಲ. ಕಣ್ಣಿಗೆ ಪಟ್ಟಿಯೊಂದು ಹೆಚ್ಚಾದುದಾದರೂ ಕಾಣುತ್ತದೆ. ಕಿವಿಗೆ ಎರಡೂ ಒಂದೇ. ಹಿಂದಿರುಗಲು ಅವರು ಆಲ್ಟ್ ಕೀಲಿಯನ್ನೂ ಎಡಬಾಣವನ್ನೂ ಒಟ್ಟಿಗೆ ಒತ್ತುತ್ತಾರೆ. ಮೊದಲನೆಯ ಪುಟದಲ್ಲಿ ಅದು ಕೆಲಸಮಾಡಿತು, ಎರಡನೆಯದರಲ್ಲಿ ಮೌನ. ಆ ಮೌನವು ಬಂದಾಗ, ಕಂಪ್ಯೂಟರು ಸ್ತಬ್ಧವಾಯಿತೋ, ಜಾಲದ ಸಂಪರ್ಕವು ತಪ್ಪಿತೋ, ತಾವೇ ಬೇರೆ ಟ್ಯಾಬಿಗೆ ಬಂದಿರುವರೋ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿ ತಿಳಿಯಬೇಕು. ಅವರು ಇದನ್ನು ದಿನಕ್ಕೆ ಎಷ್ಟೋ ಸಲ ಮಾಡುತ್ತಾರೆ. ಬೇಸರವನ್ನು ತೋರಿಸದೆ ಮಾಡುತ್ತಾರೆ ಎಂಬುದರಿಂದ ಅದನ್ನು ಅವರ ಮೇಲೆ ಹೊರಿಸುವ ನಮ್ಮ ಅಧಿಕಾರವು ಸಿದ್ಧವಾಗುವುದಿಲ್ಲ.

ಇನ್ನು ನನಗೆ ಈ ವಾದದಲ್ಲಿ ನಿರ್ಣಾಯಕವೆಂದು ತೋರುವ ಅಂಶ. ಪುಟಕರ್ತನು ಕೊಂಡಿಗೆ ಯಾವ ಗುಣವನ್ನೂ ಸೇರಿಸದೆ ಅದರ ಸಹಜಸ್ಥಿತಿಯಲ್ಲಿ ಬಿಟ್ಟನೆಂದಿಟ್ಟುಕೊಳ್ಳೋಣ. ಸುಮ್ಮನೆ ಒತ್ತಿದವನಿಗೆ ಅದು ಇದ್ದಲ್ಲಿಯೇ ತೆರೆಯುತ್ತದೆ. ಹೊಸ ಟ್ಯಾಬು ಬೇಕೆನ್ನುವವನು ಕಂಟ್ರೋಲ್ ಕೀಲಿಯನ್ನು ಹಿಡಿದು ಒತ್ತಬಹುದು, ಮೌಸಿನ ನಡುವಿನ ಚಕ್ರವನ್ನು ಒತ್ತಬಹುದು, ಬಲಗಡೆಯ ಗುಂಡಿಯನ್ನು ಒತ್ತಿ ಪಟ್ಟಿಯಿಂದ ಆಯ್ದುಕೊಳ್ಳಬಹುದು, ಫೋನಿನಲ್ಲಾದರೆ ಬೆರಳನ್ನು ಕೊಂಡಿಯ ಮೇಲೆ ಕ್ಷಣಕಾಲ ಊರಿ ಹಿಡಿಯಬಹುದು. ಎರಡು ದಾರಿಗಳೂ ತೆರೆದಿರುತ್ತವೆ, ಆಯ್ಕೆಯು ಓದುಗನದು. ಈಗ ಪುಟಕರ್ತನು ‘ಬ್ಲ್ಯಾಂಕ್’ ಎಂದು ಬರೆದನೆನ್ನೋಣ. ಹೊಸ ಟ್ಯಾಬನ್ನು ಬಯಸುವವನಿಗೆ ಅದು ದೊರೆಯುತ್ತದೆ. ಅವನಿಗೆ ಮೊದಲೂ ದೊರೆಯುತ್ತಿತ್ತು. ಇದ್ದಲ್ಲಿಯೇ ತೆರೆಯಲಿ ಎನ್ನುವವನಿಗೆ ಯಾವ ಸುಲಭವಾದ ಉಪಾಯವೂ ಇಲ್ಲ. ‘ಇದೇ ಟ್ಯಾಬಿನಲ್ಲಿ ತೆರೆ’ ಎಂದು ಹೇಳುವ ಕೀಲಿಯನ್ನು ನಾವು ನಿತ್ಯ ಬಳಸುವ ಬ್ರೌಸರುಗಳು ಕೊಟ್ಟಿಲ್ಲ. ಪುಟಕರ್ತನ ಮೊದಲನೆಯ ನಿರ್ಧಾರವು ಯಾರಿಂದಲೂ ಏನನ್ನೂ ಕಸಿಯುವುದಿಲ್ಲ. ಎರಡನೆಯದು ಕಸಿಯುತ್ತದೆ, ಅದೂ ಪಳಗಿದವನಿಂದಲ್ಲ, ಒಂದೇ ದಾರಿಯನ್ನು ಬಲ್ಲವನಿಂದ. ಎರಡು ಪಕ್ಷಗಳೂ ಸಮತೂಕದವು, ಅವರವರ ರುಚಿಗೆ ಬಿಟ್ಟದ್ದು ಎಂದು ಹೇಳುವವರೊಡನೆ ನಾನು ಸಹಮತನಾಗದಿರುವುದು ಈ ಕಾರಣದಿಂದ.

ಆದರೂ ಇದನ್ನು ಅಪವಾದವಿಲ್ಲದ ವಿಧಿಯನ್ನಾಗಿ ಮಾಡಲು ನಾನು ಸಿದ್ಧನಿಲ್ಲ. ಹಾಗೆ ಮಾಡದಂತೆ ನನ್ನನ್ನು ತಡೆಯುವ ಅನುಭವವೊಂದುಂಟು. ನೆರೆಮನೆಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಲು ಒಂದು ಸಂಜೆ ಅವಳೊಡನೆ ಕುಳಿತಿದ್ದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಎಸ್ಸೆಸ್ಸೆಲ್ಸಿಯ ನೋಂದಣಿ ಸಂಖ್ಯೆ, ಬ್ಯಾಂಕಿನ ಖಾತೆ, ಐಎಫ್‌ಎಸ್‌ಸಿ ಸಂಕೇತ, ಕಾಲೇಜಿಗೆ ಕಟ್ಟಿದ ಶುಲ್ಕದ ವಿವರ, ಎಲ್ಲವನ್ನೂ ಕಾಗದಗಳಿಂದ ನೋಡಿ ನೋಡಿ ತುಂಬುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಕೊನೆಯಲ್ಲಿ ‘ಅರ್ಹತೆಯ ನಿಯಮಗಳನ್ನು ಓದಿದ್ದೇನೆ’ ಎಂಬ ಸಾಲು. ‘ನಿಯಮಗಳು’ ಎಂಬುದು ಕೊಂಡಿ. ಹುಡುಗಿ ಪ್ರಾಮಾಣಿಕಳು, ಓದದೆ ಓದಿದ್ದೇನೆ ಎಂದು ಗುರುತು ಹಾಕಲಾರಳು. ಒತ್ತಿದಳು. ನಿಯಮಗಳು ಅದೇ ಟ್ಯಾಬಿನಲ್ಲಿ ತೆರೆದುವು. ಓದಿ ಬಾಣವನ್ನು ಒತ್ತಿ ಹಿಂದಿರುಗಿದಾಗ ಬಾಣವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ಅರ್ಜಿಯ ಮನೆಗಳೆಲ್ಲವೂ ಮಾತ್ರ ಬರಿದಾಗಿದ್ದುವು. “ಅಂಕಲ್, ಎಲ್ಲಾ ಹೋಯ್ತಲ್ಲ!” ಎಂದು ಅವಳು ನನ್ನ ಮುಖವನ್ನು ನೋಡಿದಳು, ಆ ಮುಖವನ್ನು ನಾನು ಮರೆತಿಲ್ಲ. ಅರ್ಜಿಯನ್ನು ತುಂಬುತ್ತಿರುವಾಗ, ಹಣವನ್ನು ಪಾವತಿಮಾಡುತ್ತಿರುವಾಗ, ಭಾಷಣವೋ ಸಂಗೀತವೋ ಪುಟದಲ್ಲಿ ಕೇಳಿಬರುತ್ತಿರುವಾಗ, ಇದ್ದ ಪುಟವನ್ನು ಬಿಟ್ಟರೆ ಆಗತಕ್ಕ ಕೆಲಸವೇ ಕೆಡುವುದಾದರೆ ಅಲ್ಲಿ ಹೊಸ ಟ್ಯಾಬು ಉಪಕಾರಿ. ತುಂಬಿದುದನ್ನು ಆಗಿಂದಾಗ್ಗೆ ಉಳಿಸಿಕೊಳ್ಳುವ ವ್ಯವಸ್ಥೆ ಇನ್ನೂ ಉಪಕಾರಿ; ಅದಿಲ್ಲದ ಕಡೆ ಇದಾದರೂ ಬೇಕು. ಸರ್ಕಾರಿ ಆದೇಶಗಳ ಪಿಡಿಎಫ್ ಪ್ರತಿಗಳ ವಿಷಯವೂ ಇದಕ್ಕೆ ಸಮೀಪದ್ದು: ಪುಟದ ಲಕ್ಷಣವೇ ಬೇರೆಯಾಗಿ ಕಾಣುವುದರಿಂದ ಓದುಗನು ಅದನ್ನು ಮತ್ತೊಂದು ವಸ್ತುವೆಂದು ಭಾವಿಸಿ ಮುಚ್ಚಿಬಿಡುತ್ತಾನೆ, ಅದರೊಡನೆ ತಾಣವೂ ಮುಚ್ಚಿಹೋಗುತ್ತದೆ.

ಅಪವಾದಗಳಲ್ಲಿಯೂ ಮುನ್ಸೂಚನೆ ಅವಶ್ಯಕ. 2008ರ ಡಿಸೆಂಬರಿನಲ್ಲಿ ಹೊರಬಂದ ಸುಗಮ್ಯತಾ ಮಾರ್ಗಸೂಚಿಯ ಎರಡನೆಯ ಆವೃತ್ತಿಗೆ ಸಂಬಂಧಿಸಿದ ಉಪಾಯಗಳಲ್ಲಿ, ಅಗತ್ಯವಿದ್ದಲ್ಲಿ ಮಾತ್ರ ಹೊಸ ಕಿಟಕಿಯನ್ನು ತೆರೆಯಬೇಕು, ತೆರೆಯುವ ಮೊದಲೇ ತಿಳಿಸಬೇಕು ಎಂಬೆರಡು ಮಾತುಗಳು ಸೇರಿವೆ. ನಮ್ಮ ಜಿಲ್ಲಾಡಳಿತಗಳ ತಾಣಗಳಲ್ಲಿ ಹೊರಗಿನ ಕೊಂಡಿಯ ಮೇಲೆ ಮೌಸನ್ನು ಇಟ್ಟರೆ, ಇದು ಹೊರಗಿನ ತಾಣ, ಹೊಸ ಕಿಟಕಿಯಲ್ಲಿ ತೆರೆಯುತ್ತದೆ ಎಂಬ ಅರ್ಥದ ಬರಹವು ಕಾಣಿಸಿಕೊಳ್ಳುವುದನ್ನು ಅನೇಕರು ನೋಡಿರಬಹುದು. ತಿಳಿಸುವ ಈ ಸೌಜನ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಫೋನಿನಲ್ಲಿ ಮೌಸೆಂಬುದಿಲ್ಲ, ಅಲ್ಲಿ ಬೆರಳನ್ನು ಇಡುವುದೂ ಒತ್ತುವುದೂ ಒಂದೇ. ಆದಕಾರಣ ಎಚ್ಚರಿಕೆಯು ಮರೆಯಲ್ಲಿ ಅಡಗಿರದೆ ಕೊಂಡಿಯ ಪದಗಳಲ್ಲಿಯೇ ಸೇರಿರಬೇಕು. ‘ಅರ್ಹತೆಯ ನಿಯಮಗಳು, ಹೊಸ ಟ್ಯಾಬಿನಲ್ಲಿ’ ಎಂದು ಬರೆದರೆ ಖರ್ಚಾಗುವುದು ಎರಡು ಪದ. ನನ್ನ ಮಿತ್ರರ ಕಿವಿಗೂ ಅದು ಕೇಳಿಸುತ್ತದೆ. ಚೌಕದಿಂದ ಹೊರಕ್ಕೆ ಚಿಮ್ಮುವ ಸಣ್ಣ ಬಾಣದ ಚಿತ್ರವನ್ನು ಹಾಕುವ ಪದ್ಧತಿಯೂ ಇದೆ. ಆದರೆ ಕೆಲವು ತಾಣಗಳಲ್ಲಿ ಅದು ಹೊಸ ಟ್ಯಾಬೆಂದೂ, ವಿಕಿಪೀಡಿಯದಂತಹ ತಾಣದಲ್ಲಿ ಕೊಂಡಿಯು ಹೊರಗಿನದೆಂದಷ್ಟೇ ಸೂಚಿಸುವುದರಿಂದ, ಅದೊಂದನ್ನೇ ನಂಬಿ ಕೂರುವಂತಿಲ್ಲ.

ಸುರಕ್ಷತೆಯ ಒಂದು ಸಂಗತಿಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ಬಹುಕಾಲದವರೆಗೆ, ಹೀಗೆ ತೆರೆದ ಹೊಸ ಪುಟದ ಕೈಯಲ್ಲಿ ತನ್ನನ್ನು ತೆರೆದ ಹಳೆಯ ಪುಟದ ಜುಟ್ಟು ಸಿಕ್ಕಿರುತ್ತಿತ್ತು. ಓದುಗನು ಮುಂದಿನ ಪುಟವನ್ನು ನೋಡುತ್ತಿರುವಾಗಲೇ, ದುಷ್ಟಬುದ್ಧಿಯ ಪುಟವು ಹಿಂದಿನ ಟ್ಯಾಬನ್ನು ಸದ್ದಿಲ್ಲದೆ ಬೇರೊಂದು ವಿಳಾಸಕ್ಕೆ ಒಯ್ದು, ಅಲ್ಲಿ ಮೂಲತಾಣವನ್ನೇ ಹೋಲುವ ಲಾಗಿನ್ ಪುಟವನ್ನು ನಿಲ್ಲಿಸಬಹುದಾಗಿದ್ದಿತು. ಮರಳಿ ಬಂದವನು ‘ಪುನಃ ಪಾಸ್‌ವರ್ಡ್ ಕೇಳುತ್ತಿದೆ’ ಎಂದುಕೊಂಡು ಅದನ್ನು ಕಳ್ಳನ ಕೈಗೆ ಕೊಡುತ್ತಿದ್ದನು. ‘ನೋಓಪನರ್’ ಎಂಬ ಗುಣವನ್ನು ಸೇರಿಸಿ ಇದನ್ನು ತಡೆಯಬೇಕೆಂಬುದು ಬಲ್ಲವರಿಗೆ ತಿಳಿದಿದ್ದರೂ, ಎಷ್ಟೋ ತಾಣಗಳು ಸೇರಿಸಲಿಲ್ಲ. 2019ರಲ್ಲಿ ಸಫಾರಿ, 2020ರಲ್ಲಿ ಫೈರ್‌ಫಾಕ್ಸ್, 2021ರ ಜನವರಿಯಲ್ಲಿ ಕ್ರೋಮ್ ಈ ರಕ್ಷಣೆಯನ್ನು ತಾವಾಗಿಯೇ ಒದಗಿಸಿದ ಮೇಲೆ ಆ ಭಯವು ಬಹುಮಟ್ಟಿಗೆ ಕಳೆದಿದೆ.

ಮೇಷ್ಟ್ರಿಗೆ ನಾನು ಆ ದಿನ ಹೇಳಿಕೊಟ್ಟದ್ದು ಎರಡೇ ಸಂಗತಿ: ಮೇಲಿನ ಪಟ್ಟಿಗಳನ್ನು ಗುರುತಿಸುವುದು, ಕಂಟ್ರೋಲ್ ಕೀಲಿಯನ್ನು ಹಿಡಿದು ಕೊಂಡಿಯನ್ನು ಒತ್ತುವುದು. ಅವರು ಅದನ್ನು ಪಾಠ ಬರೆದುಕೊಳ್ಳುವ ವಿದ್ಯಾರ್ಥಿಯಂತೆ ಒಂದು ಚೀಟಿಯಲ್ಲಿ ದುಂಡಕ್ಷರಗಳಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದರು. ಹದಿನೈದು ದಿನಗಳ ತರುವಾಯ ಹೋದಾಗ ಅವರ ಪರದೆಯ ಮೇಲೆ ಮೂರು ಟ್ಯಾಬುಗಳಿದ್ದುವು: ಒಂದರಲ್ಲಿ ಲೇಖನ, ಒಂದರಲ್ಲಿ ಶಿಲೆಯ ಚಿತ್ರ, ಒಂದರಲ್ಲಿ ಶಾಸನದ ಪಾಠ. ಒಂದರಿಂದೊಂದಕ್ಕೆ ಹೋಗಿ ಬಂದು ಅಕ್ಷರವೊಂದನ್ನು ಹೋಲಿಸಿ ನೋಡುತ್ತಿದ್ದರು. ಮೂರನ್ನೂ ಅವರೇ ತೆರೆದಿದ್ದರು.

“ಈ ಲೇಖನ ಹಾಕಿರೋವ್ರಿಗೆ ಒಂದು ಕಾಗದ ಬರೆಯೋಣವೇನಪ್ಪ?” ಎಂದು ಕೇಳಿದರು. ಅವರು ಹೇಳುತ್ತ ಹೋದರು, ನಾನು ಇ-ಮೇಲಿಗೆ ಇಳಿಸುತ್ತ ಹೋದೆ. ಮೊದಲ ಎರಡು ಪರಿಚ್ಛೇದಗಳಲ್ಲಿ ಲೇಖನದ ಪ್ರಶಂಸೆ, ಅನಂತರ ಶಾಸನದ ಪಾಠದಲ್ಲಿ ಬಿದ್ದಿದ್ದ ಅಚ್ಚಿನ ದೋಷವೊಂದರ ಸೂಚನೆ, ಕಡೆಯಲ್ಲಿ, ಚಿತ್ರದ ಕೊಂಡಿಯು ಇದ್ದ ಪುಟದಲ್ಲಿಯೇ ತೆರೆಯುವಂತೆ ಮಾಡಿದರೆ ನನ್ನಂತಹ ವೃದ್ಧರಿಗೆ ಅನುಕೂಲವಾದೀತೆಂಬ ವಿಜ್ಞಾಪನೆ. ಕಾಗದ ಹೋಗಿ ಒಂದು ತಿಂಗಳಾಯಿತು. ಅಚ್ಚಿನ ದೋಷವನ್ನು ತಿದ್ದಿದ್ದಾರೆ. ಚಿತ್ರವು ಈಗಲೂ ಹೊಸ ಟ್ಯಾಬಿನಲ್ಲಿಯೇ ತೆರೆಯುತ್ತದೆ; ಮೇಷ್ಟ್ರು ಎರಡನೆಯ ಕಾಗದವನ್ನು ಬರೆಸಲು ನನ್ನನ್ನು ಭಾನುವಾರ ಬರಹೇಳಿದ್ದಾರೆ.